ಬದಲಾವಣೆಯ ಸುದ್ದಿ ಹೇಳುವ ದಿನ: ಪಾಳಿ ಮೇಲ್ವಿಚಾರಕರಿಗೆ ಹಂತಹಂತದ ಮಾರ್ಗದರ್ಶಿ

ಪೀಸ್ ಲೆಕ್ಕದ ಕೂಲಿ ನಿಂತು ದಿನಗೂಲಿ ಬರುತ್ತದೆ, ಪಾಳಿಯ ಸಮಯ ಬದಲಾಗುತ್ತದೆ, ಕಡತಗಳೆಲ್ಲ ಕಂಪ್ಯೂಟರಿಗೆ ಹೋಗುತ್ತವೆ, ಎರಡು ವಿಭಾಗಗಳು ಒಂದಾಗುತ್ತವೆ. ಬಳ್ಳಾರಿಯ ಜೀನ್ಸ್ ಘಟಕವಿರಲಿ, ಗಂಗಾವತಿ ಅಥವಾ ರಾಯಚೂರಿನ ಅಕ್ಕಿ ಗಿರಣಿಯಿರಲಿ, ತಾಲ್ಲೂಕು ಕಚೇರಿಯಿರಲಿ, ಇಂಥ ಸುದ್ದಿಯನ್ನು ಜನರೆದುರು ನಿಂತು ಹೇಳುವ ಹೊಣೆ ಸಾಮಾನ್ಯವಾಗಿ ಮೇಲ್ವಿಚಾರಕರ ಹೆಗಲಿಗೆ ಬೀಳುತ್ತದೆ. ಹೆಚ್ಚಿನ ಕಡೆ ಅದು ಒಂದೇ ರೀತಿಯಲ್ಲಿ ಕೆಡುತ್ತದೆ. ಸಭೆ ಗದ್ದಲವಿಲ್ಲದೆ ಮುಗಿಯುತ್ತದೆ, ಎಲ್ಲರೂ ತಲೆಯಾಡಿಸುತ್ತಾರೆ, ಮೇಲ್ವಿಚಾರಕರು ನಿರಾಳವಾಗಿ ಮನೆಗೆ ಹೋಗುತ್ತಾರೆ. ಮೂರನೆಯ ದಿನ ಅರ್ಧ ಸಾಲು ರಜೆ ಹಾಕಿರುತ್ತದೆ, ಉಳಿದವರು ಗುಂಪು ಗುಂಪಾಗಿ ನಿಂತಿರುತ್ತಾರೆ.

ಇದಕ್ಕೆ ಮಾತಿನ ಚಾತುರ್ಯದ ಕೊರತೆ ಕಾರಣವೆಂದು ನನಗೆ ಅನಿಸುವುದಿಲ್ಲ. ಕೆಡುವುದು ಹೇಳುವ ಕ್ರಮದಲ್ಲಿ. ನಾವು ಬದಲಾವಣೆಯ ಕಾರಣವನ್ನು ಮೊದಲು, ಅದರ ಲಾಭವನ್ನು ಆಮೇಲೆ, ಕೇಳುವವರ ಬದುಕಿಗೆ ತಗಲುವ ಸಂಗತಿಯನ್ನು ಕೊನೆಗೆ ಹೇಳುತ್ತೇವೆ. ಕೇಳುವವರ ಮನಸ್ಸು ಸರಿಯಾಗಿ ಇದರ ತಿರುವುಮುರುವು ಕ್ರಮದಲ್ಲಿ ನಡೆಯುತ್ತದೆ. ಮುಂದಿನ ಹಂತಗಳೆಲ್ಲವೂ ಆ ಕ್ರಮವನ್ನು ನೇರಗೊಳಿಸುವುದಕ್ಕಾಗಿಯೇ ಇವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರಿದರೆ ಫಲ ಸಿಗುವುದಿಲ್ಲ.

ಕೈಗೆ ಬೇಕಾದವು

ಗೆರೆ ಎಳೆದ ಒಂದು ದೊಡ್ಡ ನೋಟ್‌ಬುಕ್, ಹಾಜರಿ ಪುಸ್ತಕ, ಕಳೆದ ಮೂರು ತಿಂಗಳ ಪಗಾರ ಪಟ್ಟಿ, ಕೆಲಸಗಾರರು ಬರುವ ಊರುಗಳ ಬಸ್ಸಿನ ಸಮಯ, ಸೀಮೆಸುಣ್ಣದಲ್ಲಿ ಬರೆಯಬಹುದಾದ ಒಂದು ಬೋರ್ಡು ಮತ್ತು ಒಂದೇ ಪುಟದ ಸೂಚನಾ ಪತ್ರ ಬೇಕು. ಪತ್ರ ಕನ್ನಡದಲ್ಲಿರಲಿ, ಬಳ್ಳಾರಿ ಮತ್ತು ರಾಯಚೂರಿನಲ್ಲಿ ತೆಲುಗು, ಉರ್ದು, ಹಿಂದಿ ಮಾತನಾಡುವವರೂ ಸಾಲಿನಲ್ಲಿರುವುದರಿಂದ ಅದನ್ನು ಅವರ ಭಾಷೆಯಲ್ಲಿ ಓದಿ ಹೇಳಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಯಂತ್ರಗಳನ್ನು ಪೂರ್ತಿ ನಿಲ್ಲಿಸಿದ ಒಂದು ಗಂಟೆಯನ್ನು ಮಾಲಕರಿಂದ ಕೇಳಿ ಪಡೆಯಿರಿ. ಆ ಗಂಟೆಯ ಉತ್ಪಾದನೆಯನ್ನು ಮರುದಿನದ ಗುರಿಗೆ ಸೇರಿಸುವುದಿಲ್ಲವೆಂಬ ಮಾತನ್ನೂ ಪಡೆಯಿರಿ.

ಹಂತ 1: ನಿಮ್ಮ ಮನಸ್ಸು ನಡೆದ ದಾರಿಯನ್ನು ಮೊದಲು ಬರೆದುಕೊಳ್ಳಿ

ಈ ಸುದ್ದಿ ನಿಮಗೆ ಎಂದು ತಿಳಿಯಿತು ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಅಂದು ನಿಮ್ಮ ತಲೆಯಲ್ಲಿ ಎದ್ದ ಮೊದಲ ಪ್ರಶ್ನೆ ಯಾವುದೆಂಬುದನ್ನು ಪ್ರಾಮಾಣಿಕವಾಗಿ ಅದರ ಕೆಳಗೆ ಬರೆಯಿರಿ. ಬಹುತೇಕ ಅದು ಕಂಪನಿಯ ಭವಿಷ್ಯದ ಪ್ರಶ್ನೆಯಾಗಿರುವುದಿಲ್ಲ. ನಿಮ್ಮ ಹುದ್ದೆಯ, ನಿಮ್ಮ ಸಂಬಳದ, ನಿಮ್ಮ ಮಾನದ ಪ್ರಶ್ನೆಯಾಗಿರುತ್ತದೆ. ನೀವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆ ಪ್ರಶ್ನೆಯೊಂದಿಗೆ ಮಲಗಿ ಎದ್ದು ಇಂದಿನ ಸಮಾಧಾನಕ್ಕೆ ಬಂದಿದ್ದೀರಿ. ಅಷ್ಟು ದೂರವನ್ನು ಎದುರಿಗಿರುವವರು ಹತ್ತು ನಿಮಿಷದಲ್ಲಿ ನಡೆದು ಬರಲಿ ಎಂದು ಬಯಸುವುದು ಅನ್ಯಾಯ.

ನಿಮಗೇ ಇನ್ನೂ ಒಪ್ಪಿಗೆಯಾಗಿಲ್ಲದಿದ್ದರೆ ಮೇಲಿನವರ ಬಳಿ ಹೋಗಿ ನಿಮ್ಮ ಸಂದೇಹಗಳನ್ನು ಮೊದಲು ಮುಗಿಸಿಕೊಳ್ಳಿ. “ನನಗೂ ಮನಸ್ಸಿಲ್ಲ, ಮೇಲಿನಿಂದ ಆದೇಶ ಬಂದಿದೆ” ಎಂದು ಸಭೆಯಲ್ಲಿ ಹೇಳುವವರು ಬಹಳ. ಆ ಕ್ಷಣಕ್ಕೆ ಅದು ಆಪ್ತವಾಗಿ ಕೇಳಿಸುತ್ತದೆ, ಆದರೆ ಕೇಳಿದವರಿಗೆ ತಮ್ಮ ಪರವಾಗಿ ಮಾತನಾಡುವ ಶಕ್ತಿ ಯಾರಿಗೂ ಇಲ್ಲವೆಂಬ ಅರ್ಥವನ್ನಷ್ಟೇ ಕೊಡುತ್ತದೆ.

ಹಂತ 2: ಯಾರ ಕೈಯಿಂದ ಏನು ಹೋಗುತ್ತದೆ ಎಂಬ ಪಟ್ಟಿ ಮಾಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವ ಹಂತ ಇದು. ಎರಡು ಮೂರು ದಿನ ತೆಗೆದಿಡಿ. ಹಾಜರಿ ಪುಸ್ತಕದ ಪ್ರತಿ ಹೆಸರನ್ನೂ ನೋಟ್‌ಬುಕ್ಕಿಗೆ ಇಳಿಸಿ, ಹೆಸರಿನ ಮುಂದೆ ಆ ವ್ಯಕ್ತಿಗೆ ಈ ಬದಲಾವಣೆಯಿಂದ ಕೈತಪ್ಪುವ ಸಂಗತಿಯನ್ನು ಬರೆಯಿರಿ. ಲಾಭದ ಕಲಂ ಈಗ ಬೇಡ. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಒಂದೇ ಮೊತ್ತದ ಲಾಭಕ್ಕಿಂತ ಅದೇ ಮೊತ್ತದ ನಷ್ಟ ಮನಸ್ಸಿಗೆ ಹೆಚ್ಚು ಭಾರವಾಗಿ ತೋರುತ್ತದೆ. ಆದ್ದರಿಂದ ಪಗಾರದಲ್ಲಿ ಐನೂರು ರೂಪಾಯಿ ಹೆಚ್ಚುತ್ತದೆ ಎಂಬ ಮಾತು, ಕೈತಪ್ಪುವ ಐನೂರು ರೂಪಾಯಿಯ ಮೇಲ್ಗಳಿಕೆಯ ನೋವನ್ನು ಸರಿದೂಗಿಸುವುದಿಲ್ಲ.

ನಷ್ಟವೆಂದರೆ ಹಣವೊಂದೇ ಎಂದು ತಿಳಿಯಬೇಡಿ. ಜೀನ್ಸ್ ಘಟಕದಲ್ಲಿ ಪೀಸ್ ಲೆಕ್ಕ ಹೋದಾಗ, ಎಲ್ಲರಿಗಿಂತ ವೇಗವಾಗಿ ಹೊಲಿಯುವ ಟೇಲರ್ ಕಳೆದುಕೊಳ್ಳುವುದು ಮುಖ್ಯವಾಗಿ ಆ ಸಾಲಿನಲ್ಲಿ ತನಗಿದ್ದ ಹೆಸರನ್ನು. ಇನ್ನು ಮುಂದೆ ಅವನೂ ನಿನ್ನೆ ಸೇರಿದ ಹುಡುಗನೂ ಒಂದೇ ಕೂಲಿಯವರು. ಅಕ್ಕಿ ಗಿರಣಿಗೆ ಅಕ್ಕಿಯ ಬಣ್ಣ ನೋಡಿ ಬೇರ್ಪಡಿಸುವ ಯಂತ್ರ ಬಂದಾಗ, ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಹರವಿ ಗುಣ ಹೇಳುತ್ತಿದ್ದ ಹಿರಿಯರು ತಮ್ಮನ್ನು ಕೇಳಿ ನಡೆಯುವ ದಿನಗಳು ಮುಗಿದವೆಂದು ತಿಳಿಯುತ್ತಾರೆ. ಕಡತಗಳು ಕಂಪ್ಯೂಟರಿಗೆ ಹೋದಾಗ, ಯಾವ ಕಡತ ಯಾವ ಕಪಾಟಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಗುಮಾಸ್ತರಿಗೆ ಮಗನ ವಯಸ್ಸಿನವನ ಬಳಿ ಕುಳಿತು ಪಾಸ್‌ವರ್ಡ್ ಕೇಳುವ ಸಂಕೋಚ ಎದುರಾಗುತ್ತದೆ. ಇವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬದಲಾಗಿ ಯಂತ್ರ ಸರಿಯಿಲ್ಲ, ಗಾಳಿ ಬರುವುದಿಲ್ಲ, ಕರೆಂಟ್ ಹೋಗುತ್ತದೆ ಎಂಬ ದೂರುಗಳ ರೂಪದಲ್ಲಿ ಅವು ಹೊರಬರುತ್ತವೆ.

ನಾನು ಸಿಬ್ಬಂದಿ ವಿಭಾಗದಲ್ಲಿದ್ದ ಘಟಕವೊಂದರಲ್ಲಿ ಬೆಳಗಿನ ಪಾಳಿಯನ್ನು ಅರ್ಧ ಗಂಟೆ ಬೇಗ ಆರಂಭಿಸಿದೆವು. ಅದರ ಕಾರಣವನ್ನು ನಾನೇ ನಲವತ್ತು ನಿಮಿಷ ವಿವರಿಸಿದೆ. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಹತ್ತು ದಿನಗಳಲ್ಲಿ ಒಂದೇ ದಿಕ್ಕಿನ ಹಳ್ಳಿಗಳ ಹನ್ನೊಂದು ಹೆಣ್ಣುಮಕ್ಕಳು ಕೆಲಸ ಬಿಟ್ಟರು. ಅವರ ಊರಿನ ಮೊದಲ ಬಸ್ಸು ಹೊಸ ಸಮಯಕ್ಕೆ ಇಪ್ಪತ್ತು ನಿಮಿಷ ತಡವಾಗಿ ತಲುಪುತ್ತಿತ್ತು. ಬಸ್ಸಿನ ಸಮಯವನ್ನು ಪಟ್ಟಿಯಲ್ಲಿ ಬರೆಯಲು ಐದು ನಿಮಿಷ ಸಾಕಿತ್ತು, ಆ ಐದು ನಿಮಿಷವನ್ನು ನಾನು ಕೊಟ್ಟಿರಲಿಲ್ಲ. ಆ ಮನೆಗಳ ಗಳಿಕೆ ನಿಂತದ್ದು ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಹಾಗಾಗಿ ಊರು, ಬಸ್ಸು, ಮನೆಯಲ್ಲಿ ನೋಡಿಕೊಳ್ಳಬೇಕಾದ ಮಕ್ಕಳು ಮತ್ತು ಹಿರಿಯರು, ಕಾಲುವೆ ನೀರಿಗೆ ಕಾಯುವ ಸ್ವಂತ ಹೊಲ ಇವು ನಾಲ್ಕನ್ನೂ ಪ್ರತಿ ಹೆಸರಿನ ಮುಂದೆ ತಪ್ಪದೆ ಬರೆಯಿರಿ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವ ವಾರಗಳಲ್ಲಿ ರಾತ್ರಿ ಪಾಳಿ ಹೊಸದಾಗಿ ಆರಂಭಿಸುವುದು ಕೊಪ್ಪಳ ಮತ್ತು ರಾಯಚೂರಿನ ಅನೇಕ ಮನೆಗಳಿಗೆ ಎರಡು ಕೆಲಸಗಳ ನಡುವೆ ಒಂದನ್ನು ಆರಿಸಿಕೊಳ್ಳಿ ಎಂದು ಹೇಳಿದಂತೆಯೇ.

ಹಂತ 3: ಕಾಯ್ದೆಯ ದಿನಗಳನ್ನು ಎಣಿಸಿ

ಕೂಲಿ, ಕೆಲಸದ ಸಮಯ, ಪಾಳಿ ಮುಂತಾದ ಸೇವಾ ಷರತ್ತುಗಳನ್ನು ಬದಲಿಸುವ ಮೊದಲು ಕಾರ್ಮಿಕರಿಗೆ 21 ದಿನಗಳ ನೋಟಿಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಹೇಳಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದೇ 21 ದಿನಗಳನ್ನು ಉಳಿಸಿಕೊಂಡಿದೆ. ನಿಮ್ಮ ಬದಲಾವಣೆ ಆ ಪಟ್ಟಿಯಲ್ಲಿ ಬರುತ್ತದೆಯೇ ಎಂಬುದನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕಾಯ್ದೆ ಅನ್ವಯಿಸದಿದ್ದರೂ ಮೂರು ವಾರದ ಅಂತರ ಇಡುವುದು ಒಳ್ಳೆಯದು, ಏಕೆಂದರೆ ಮುಂದಿನ ಹಂತಗಳಿಗೆ ಅಷ್ಟು ದಿನಗಳು ನಿಜವಾಗಿ ಬೇಕಾಗುತ್ತವೆ.

ಹಂತ 4: ನಡುವಿನವರಿಗೆ ಅದೇ ದಿನ, ಸ್ವಲ್ಪ ಮೊದಲು ತಿಳಿಸಿ

ಲೈನ್ ನೋಡಿಕೊಳ್ಳುವವರು, ಹಮಾಲರ ಮುಕಾದಮರು, ಯೂನಿಯನ್ ಪ್ರತಿನಿಧಿಗಳು ಈ ಸುದ್ದಿಯನ್ನು ಉಳಿದವರೊಂದಿಗೆ ಮೊದಲ ಬಾರಿ ಕೇಳುವಂತಾಗಬಾರದು. ಸಭೆ ಮುಗಿದ ಕೂಡಲೇ ಜನ ಅವರತ್ತಲೇ ತಿರುಗುತ್ತಾರೆ. “ನನಗೂ ಈಗಲೇ ಗೊತ್ತಾತು” ಎಂದು ಅವರು ಹೇಳಬೇಕಾಗಿ ಬಂದರೆ ಅವರ ಮಾನವೂ ಹೋಗುತ್ತದೆ, ಸುದ್ದಿಯ ಮೇಲಿನ ನಂಬಿಕೆಯೂ ಹೋಗುತ್ತದೆ. ಆದರೆ ಎರಡು ದಿನ ಮುಂಚೆ ಹೇಳಿದರೆ ಸುದ್ದಿ ಮುರಿದ ರೂಪದಲ್ಲಿ ಹೊರಗೆ ಹರಿಯುತ್ತದೆ. ಎರಡು ಗಂಟೆ ಮೊದಲು ಹೇಳುವುದು ಸರಿಯಾದ ಅಂತರ.

ಹಂತ 5: ದಿನ ಮತ್ತು ಹೊತ್ತನ್ನು ಆರಿಸಿ

ವಾರದ ಮೊದಲ ಎರಡು ದಿನಗಳಲ್ಲಿ, ಪಾಳಿಯ ಆರಂಭದಲ್ಲಿ ಹೇಳಿ. ಶನಿವಾರ ಸಂಜೆ ಹೇಳಿ ಕಳಿಸಿದರೆ, ಉತ್ತರ ಕೊಡುವವರಿಲ್ಲದ ಒಂದು ಪೂರ್ತಿ ದಿನವನ್ನು ಜನ ಭಯದೊಂದಿಗೆ ಕಳೆಯುತ್ತಾರೆ. ಪಗಾರದ ದಿನ ಬೇಡ, ರಾತ್ರಿ ಪಾಳಿ ಮುಗಿಸಿ ಕಣ್ಣೆಳೆಯುತ್ತಿರುವವರ ಮುಂದೆ ಬೇಡ, ಗವಿಮಠದ ಜಾತ್ರೆಗೋ ಅಲಾಯಿ ಹಬ್ಬಕ್ಕೋ ಜನ ಊರಿಗೆ ಹೊರಟ ಮುನ್ನಾದಿನವಂತೂ ಬೇಡವೇ ಬೇಡ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂತೆ ಕೆಲಸ ಹಗಲೂ ರಾತ್ರಿಯೂ ನಡೆಯುವ ಕಡೆಗಳಲ್ಲಿ ಎಲ್ಲರನ್ನೂ ಒಟ್ಟಿಗೆ ಸೇರಿಸಲು ಆಗುವುದಿಲ್ಲ. ಅಂಥಲ್ಲಿ ಒಬ್ಬರೇ ವ್ಯಕ್ತಿ, ಒಂದೇ ಪತ್ರವನ್ನು, ಇಪ್ಪತ್ನಾಲ್ಕು ಗಂಟೆಯೊಳಗೆ ಎಲ್ಲ ಪಾಳಿಗಳಲ್ಲೂ ಓದಬೇಕು. ಬೇರೆ ಬೇರೆ ಬಾಯಿಗಳಿಂದ ಬಂದ ಒಂದೇ ಸುದ್ದಿ ಸಂಜೆಯ ಹೊತ್ತಿಗೆ ಮೂರು ಸುದ್ದಿಯಾಗಿರುತ್ತದೆ.

ಹಂತ 6: ಮೊದಲ ಹತ್ತು ನಿಮಿಷ

ಆಪತ್ತು ಬಂದಿದೆ ಎಂದು ಅನಿಸಿದ ಕ್ಷಣದಲ್ಲಿ ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಗಮನ ಕಿರಿದಾಗಿ ಆಪತ್ತಿನ ಸುತ್ತಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. “ಬದಲಾವಣೆ” ಎಂಬ ಪದ ಕಿವಿಗೆ ಬಿದ್ದ ಕೂಡಲೇ ಕೇಳುವವರು ತಮ್ಮೊಳಗೇ ಲೆಕ್ಕಕ್ಕೆ ಕುಳಿತುಬಿಡುತ್ತಾರೆ. ಮಗಳ ಫೀಸು ಹೇಗೆ, ಸಂಘದ ಸಾಲದ ಕಂತು ಹೇಗೆ ಎಂಬ ಲೆಕ್ಕ ಒಳಗೆ ನಡೆಯುತ್ತಿರುವಾಗ ಮಾರುಕಟ್ಟೆಯ ಪರಿಸ್ಥಿತಿಯ ಬಗ್ಗೆ ನೀವು ಹೇಳುವ ಮಾತುಗಳು ಅವರನ್ನು ತಲುಪುವುದಿಲ್ಲ. ಆದ್ದರಿಂದ ನೀವು ಮೊದಲ ಎರಡು ನಿಮಿಷದಲ್ಲಿ ಏನನ್ನು ಹೇಳುತ್ತೀರೋ ಅದನ್ನೇ ಅವರು ಮನೆಗೆ ಒಯ್ಯುತ್ತಾರೆ ಎಂದು ತಿಳಿದು ಮಾತು ಜೋಡಿಸಿ.

ಕ್ರಮ ಹೀಗಿರಲಿ. ಮೊದಲು ಏನು ಬದಲಾಗುತ್ತದೆ ಮತ್ತು ಯಾವ ತಾರೀಖಿನಿಂದ ಎಂಬುದು. ಅದರ ಬೆನ್ನಿಗೇ ಕೆಲಸ, ಪಗಾರ, ಸಮಯ ಈ ಮೂರಕ್ಕೂ ಏನಾಗುತ್ತದೆ ಎಂಬುದು. ನಂತರ ಯಾವುದು ಬದಲಾಗುವುದಿಲ್ಲ ಎಂಬುದು. ಆಮೇಲೆ ಇನ್ನೂ ತೀರ್ಮಾನವಾಗದ ಸಂಗತಿಗಳು ಮತ್ತು ಅವು ಯಾವ ದಿನ ತಿಳಿಯುತ್ತವೆ ಎಂಬುದು. ಕಾರಣ ಕೊನೆಗೆ, ಅದೂ ಎರಡು ವಾಕ್ಯದಲ್ಲಿ. ಉದಾಹರಣೆಗೆ: “ಮುಂದಿನ ತಿಂಗಳ 1ನೇ ತಾರೀಖಿನಿಂದ ಪೀಸ್ ಲೆಕ್ಕ ನಿಲ್ಲುತ್ತದೆ. ಯಾರ ಕೆಲಸವೂ ಹೋಗುವುದಿಲ್ಲ. ಪಾಳಿಯ ಸಮಯ ಈಗಿರುವಂತೆಯೇ ಇರುತ್ತದೆ. ದಿನಗೂಲಿ ಎಷ್ಟೆಂಬುದು ಇನ್ನೂ ನಿಗದಿಯಾಗಿಲ್ಲ, ಇದೇ ಗುರುವಾರ ಮಧ್ಯಾಹ್ನ ಈ ಬೋರ್ಡಿನ ಮೇಲೆ ಬರೆಯುತ್ತೇವೆ.” ಯಾರ ಕೆಲಸವೂ ಹೋಗುವುದಿಲ್ಲ ಎಂಬ ಮಾತನ್ನು ಮಾಲಕರು ಬರೆದು ಕೊಟ್ಟಿದ್ದರೆ ಮಾತ್ರ ಹೇಳಿ.

ಗೊತ್ತಿಲ್ಲದ್ದಕ್ಕೆ ದಿನಾಂಕ ಕೊಡುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೈಗೆ ಸಣ್ಣ ವಿದ್ಯುತ್ ಆಘಾತ ಖಂಡಿತ ತಗಲುತ್ತದೆ ಎಂದು ತಿಳಿದವರಿಗಿಂತ, ತಗಲಿದರೂ ತಗಲಬಹುದು, ಬಿಟ್ಟರೂ ಬಿಡಬಹುದು ಎಂಬ ಅರ್ಧಕ್ಕರ್ಧ ಸ್ಥಿತಿಯಲ್ಲಿದ್ದವರಲ್ಲಿ ಒತ್ತಡ ಹೆಚ್ಚಾಗಿತ್ತು. ನಮ್ಮಲ್ಲೇ ನೋಡಿ: ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಮನೆಯ ದಿನಚರಿಯೇ ಅದರಿಂದ ತಿರುಗಿದರೂ ಅದು ಏಕೆ, ಎಂದಿನಿಂದ, ಎಂದಿನವರೆಗೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ದಿಗಿಲುಬೀಳುವುದಿಲ್ಲ.

ಮಾತಿನ ರೀತಿಯಲ್ಲೂ ಒಂದು ಎಚ್ಚರ ಬೇಕು. ದಿನವೂ ಅಕ್ಕಾ, ಅಣ್ಣಾ, ಕಾಕಾ ಎಂದು ಕರೆಯುವವರು ಅಂದು ಇದ್ದಕ್ಕಿದ್ದಂತೆ “ಮಾನ್ಯ ಕಾರ್ಮಿಕ ಬಂಧುಗಳೇ” ಎಂದು ಆರಂಭಿಸಿದರೆ, ಸುದ್ದಿಗಿಂತ ಮೊದಲು ಆ ಕರೆಯೇ ಹೆದರಿಸುತ್ತದೆ. ನಿತ್ಯದ ಮಾತಿನಲ್ಲೇ ಹೇಳಿ, ಪತ್ರವನ್ನು ಆಮೇಲೆ ಓದಿ.

ಹೇಳಿ ಮುಗಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಮೌನ ಅಸಹನೀಯವೆನಿಸಿ ಮತ್ತೆ ಲಾಭಗಳ ವಿವರಣೆಗೆ ಇಳಿಯುವುದೇ ಈ ಹಂತದ ದೊಡ್ಡ ತಪ್ಪು. ಯಾರೋ ಒಬ್ಬರು ಕೊನೆಗೆ “ಅದೆಲ್ಲಾ ಸರಿ ಐತ್ರಿ ಸರ, ನಮ್ಮ ಪಗಾರದ ಕತಿ ಏನ್ರಿ?” ಎಂದು ಕೇಳುತ್ತಾರೆ. ಈಗತಾನೆ ಹೇಳಿದೆನಲ್ಲ ಎಂದು ಸಿಡುಕಬೇಡಿ. ಅವರು ಕೇಳಿಸಿಕೊಂಡಿಲ್ಲವೆಂದಲ್ಲ, ಕೇಳಿದ್ದು ಇನ್ನೂ ಒಳಗಿಳಿದಿಲ್ಲ. ಅದೇ ಮಾತುಗಳಲ್ಲಿ ಮತ್ತೊಮ್ಮೆ ಹೇಳಿ; ಪದ ಬದಲಾದರೆ ಅರ್ಥವೂ ಬದಲಾಯಿತೇನೋ ಎಂಬ ಸಂಶಯ ಹುಟ್ಟುತ್ತದೆ.

ಇನ್ನು “ಆತು ಬಿಡ್ರಿ” ಎಂಬ ಮಾತು. ಅದನ್ನು ಒಪ್ಪಿಗೆಯೆಂದು ಬರೆದುಕೊಂಡವರೇ ಮೂರನೆಯ ದಿನ ಬೆಚ್ಚಿಬೀಳುವವರು. ನಮ್ಮ ಕಡೆ ಆ ಎರಡು ಪದಗಳು ಒಪ್ಪಿದ್ದೇನೆ ಎಂದೂ, ನಿಮ್ಮೊಂದಿಗೆ ವಾದ ಬೇಡ ಎಂದೂ, ನನ್ನ ದಾರಿ ನಾನು ನೋಡಿಕೊಳ್ಳುತ್ತೇನೆ ಎಂದೂ ಅರ್ಥ ಕೊಡುತ್ತವೆ. ಮುಖ ನೋಡುತ್ತ ಹೇಳಿದರೆ ಒಂದು, ನೆಲ ನೋಡುತ್ತ ಹೇಳಿದರೆ ಇನ್ನೊಂದು, ಎದ್ದು ನಡೆಯುತ್ತ ಹೇಳಿದರೆ ಮತ್ತೊಂದು. ಹಾಗೆ ಹೇಳಿದವರ ಹೆಸರಿನ ಮುಂದೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಮರುದಿನ ಅವರನ್ನೇ ಮೊದಲು ಕಾಣಬೇಕು.

ಹಂತ 7: ಮೊದಲ ರಾತ್ರಿ ಮತ್ತು ಮರುದಿನ ಬೆಳಿಗ್ಗೆ

ನಿಜವಾದ ಸಭೆ ಆ ರಾತ್ರಿ ಮನೆಗಳಲ್ಲಿ, ಚಹಾದಂಗಡಿಯಲ್ಲಿ, ವಾಟ್ಸಾಪ್‌ನಲ್ಲಿ ನಡೆಯುತ್ತದೆ. ಗುಂಪಿನಲ್ಲಿ ಉದ್ದನೆಯ ಸಂದೇಶ ಹಾಕಿ ಅದನ್ನು ತಡೆಯಲು ಹೋಗಬೇಡಿ. ಸೂಚನಾ ಪತ್ರದ ಪ್ರತಿಯನ್ನು ಪ್ರತಿಯೊಬ್ಬರ ಕೈಗೆ ಕೊಟ್ಟು ಕಳಿಸಿದ್ದರೆ ಸಾಕು. ಮನೆಯಲ್ಲಿ ಓದಬಲ್ಲವರು ಓದುತ್ತಾರೆ, ತಪ್ಪು ಸುದ್ದಿಯ ಅರ್ಧ ಬಾಯಿ ಅಲ್ಲೇ ಮುಚ್ಚುತ್ತದೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೇಟಿನ ಬಳಿ ನಿಂತಿರಿ. ರಾತ್ರಿ ಮನೆಯವರು ಕೇಳಿದ ಪ್ರಶ್ನೆಗಳನ್ನು ಅವರು ಅಲ್ಲಿ ಕೇಳುತ್ತಾರೆ. ಆ ಪ್ರಶ್ನೆಗಳನ್ನು ಹೆಸರಿಲ್ಲದೆ ಬೋರ್ಡಿನ ಒಂದು ಬದಿಗೆ ಬರೆದು, ಉತ್ತರ ಸಿಕ್ಕಂತೆ ಇನ್ನೊಂದು ಬದಿಯಲ್ಲಿ ಬರೆಯುತ್ತ ಹೋಗಿ. ಗುರುವಾರವೆಂದು ಹೇಳಿದ್ದರೆ, ಉತ್ತರ ಸಿದ್ಧವಾಗದಿದ್ದರೂ ಗುರುವಾರವೇ ಬೋರ್ಡಿನ ಮುಂದೆ ನಿಂತು ಹಾಗೆಂದು ಹೇಳಿ.

ಹಂತ 8: ಮೂರನೆಯ ದಿನದಿಂದ ಕಾಣುವ ಪ್ರತಿಕ್ರಿಯೆಗಳು

ನಿರಾಕರಣೆ, ಸಿಟ್ಟು, ಚೌಕಾಸಿ, ಕುಗ್ಗುವಿಕೆ, ಒಪ್ಪಿಗೆ ಎಂಬ ಐದು ಮೆಟ್ಟಿಲುಗಳ ಚಿತ್ರವನ್ನು ತರಬೇತಿಗಳಲ್ಲಿ ನೀವು ನೋಡಿರಬಹುದು. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಬಗ್ಗೆ. ಕೆಲಸದ ಜಾಗಕ್ಕೆ ಅದನ್ನು ಬೇರೆಯವರು ಆಮೇಲೆ ತಂದರು. ಜನ ಆ ಮೆಟ್ಟಿಲುಗಳನ್ನು ಸಾಲಾಗಿ ಹತ್ತುವುದಿಲ್ಲ. ಒಬ್ಬರೇ ಬೆಳಿಗ್ಗೆ ಒಪ್ಪಿ ಮಧ್ಯಾಹ್ನ ಸಿಟ್ಟಾಗುತ್ತಾರೆ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ಅಳೆಯುವ ಬದಲು, ಕಂಡದ್ದಕ್ಕೆ ತಕ್ಕಂತೆ ನಡೆದುಕೊಳ್ಳಿ.

ಸಿಟ್ಟಾಗಿ ಮಾತನಾಡುವವರು ಇನ್ನೂ ನಿಮ್ಮೊಂದಿಗೆ ಮಾತನಾಡುತ್ತಿದ್ದಾರೆ ಎಂಬುದನ್ನು ಮರೆಯಬೇಡಿ. ಅವರನ್ನು ಎಲ್ಲರ ಮುಂದೆ ಬಾಯಿ ಮುಚ್ಚಿಸಿದರೆ ಉಳಿದವರ ಪ್ರಶ್ನೆಗಳೂ ಸಾಯುತ್ತವೆ. “ನನಗೊಬ್ಬನಿಗೆ ಹಳೇ ಪದ್ಧತಿ ಬಿಡ್ರಿ” ಎಂದು ಚೌಕಾಸಿಗೆ ಬರುವವರಿಗೆ ಗುಟ್ಟಾಗಿ ವಿನಾಯಿತಿ ಕೊಡಬೇಡಿ. ಒಂದು ಗುಟ್ಟಿನ ವಿನಾಯಿತಿ ಇಡೀ ಸೂಚನಾ ಪತ್ರವನ್ನು ಸುಳ್ಳು ಮಾಡುತ್ತದೆ. ಮೊದಲ ದಿನವೇ ಉತ್ಸಾಹದಿಂದ ಮುಂದೆ ಬರುವವರ ಮೇಲೂ ಕಣ್ಣಿಡಿ, ಕೆಲವರಲ್ಲಿ ಅದು ಹೆದರಿಕೆಯದೇ ಇನ್ನೊಂದು ಮುಖ.

ಹಂತ 9: ಹೇಗೆ ಎಂಬುದರಲ್ಲಿ ಪಾಲು ಕೊಡಿ

ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಊರಿನ ಪೈಜಾಮ ಕಾರ್ಖಾನೆಯಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಹೊಲಿಗೆ ಘಟಕಗಳಿಗೆ ಹತ್ತಿರದ್ದು. ಅಲ್ಲಿಯೂ ಪೀಸ್ ಲೆಕ್ಕದ ಕೂಲಿಯೇ ಇತ್ತು. ಕೆಲಸದ ರೀತಿ ಬದಲಾಗಿದೆ ಎಂದು ಕೇವಲ ಹೇಳಿಸಿಕೊಂಡ ಗುಂಪಿನಲ್ಲಿ ಮೊದಲ 40 ದಿನಗಳಲ್ಲಿ ಶೇ. 17 ಮಂದಿ ಕೆಲಸ ಬಿಟ್ಟರು, ಉತ್ಪಾದನೆ ಚೇತರಿಸಲಿಲ್ಲ. ಹೊಸ ರೀತಿಯನ್ನು ರೂಪಿಸುವುದರಲ್ಲಿ ಎಲ್ಲರೂ ಕುಳಿತು ಮಾತನಾಡಿದ ಗುಂಪುಗಳಲ್ಲಿ ಅಷ್ಟೇ ದಿನಗಳಲ್ಲಿ ಒಬ್ಬರೂ ಬಿಡಲಿಲ್ಲ, ಉತ್ಪಾದನೆ ಬೇಗನೆ ಹಳೆಯ ಮಟ್ಟ ದಾಟಿತು. ಗುಂಪುಗಳು ಚಿಕ್ಕವಾಗಿದ್ದವು, ನಿಜ; ಆದರೂ ಆ ಅಂತರ ಕಣ್ಣಿಗೆ ಹೊಡೆಯುವಂಥದ್ದು.

ಬದಲಾವಣೆ ಬೇಕೇ ಬೇಡವೇ ಎಂಬುದು ಆಗಲೇ ತೀರ್ಮಾನವಾಗಿದ್ದರೆ ಅದನ್ನು ಚರ್ಚೆಗಿಟ್ಟಂತೆ ನಟಿಸಬೇಡಿ. ಯಂತ್ರಗಳ ಸಾಲು ಹೇಗಿರಬೇಕು, ಯಾರ ಜೋಡಿ ಯಾರು, ಊಟದ ವಿರಾಮ ಎಷ್ಟೊತ್ತಿಗೆ, ಬಸ್ಸಿನವರಿಗೆ ಏನು ಮಾಡಬೇಕು, ಕಲಿಯಲು ಎಷ್ಟು ದಿನ ಎಂಬ ಪ್ರಶ್ನೆಗಳನ್ನು ಅವರ ಕೈಗೇ ಕೊಡಿ. ಅಂಗೈಯಲ್ಲಿ ಅಕ್ಕಿ ನೋಡುತ್ತಿದ್ದ ಹಿರಿಯರನ್ನೇ ಹೊಸ ಯಂತ್ರದ ಅಕ್ಕಿಯ ಪರೀಕ್ಷೆಗೆ ನಿಲ್ಲಿಸಿ. ಎರಡನೆಯ ಹಂತದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಎಚ್ಚರಿಕೆಯ ಲಕ್ಷಣಗಳು

ಬೋರ್ಡಿಗೆ ಪ್ರಶ್ನೆಗಳು ಬರುವುದು ಒಮ್ಮೆಲೇ ನಿಲ್ಲುವುದು, ನೀವು ಹತ್ತಿರ ಹೋದಾಗ ಮಾತು ನಿಲ್ಲುವುದು, ಎಂದೂ ತಪ್ಪಿಸದವರು ಸೋಮವಾರ ತಪ್ಪಿಸುವುದು, ಅನುಭವಿಗಳ ಕೈಯಲ್ಲೇ ಹೊಲಿಗೆ ಕೆಡುವುದು ಇವೆಲ್ಲ ಆರನೆಯ ಹಂತಕ್ಕೆ ಹಿಂತಿರುಗಿ ಎಂದು ಹೇಳುವ ಗುರುತುಗಳು. ಸೂಜಿ, ಬೆಲ್ಟು, ಬಿಸಿ ನೀರಿನ ಬಳಿ ಸಣ್ಣ ಗಾಯಗಳು ಹೆಚ್ಚಾದರೆ ಗುರಿಯನ್ನು ಕೂಡಲೇ ಇಳಿಸಿ, ಏಕೆಂದರೆ ನಿದ್ದೆಯಿಲ್ಲದ, ಚಿಂತೆ ತುಂಬಿದ ತಲೆ ಯಂತ್ರದ ಮುಂದೆ ಅಪಾಯದಲ್ಲಿರುತ್ತದೆ.

ಊಟ ನಿದ್ದೆ ಬಿಟ್ಟವರು, ಹೊಸದಾಗಿ ಕುಡಿತಕ್ಕೆ ಇಳಿದವರು, “ನಾನಿದ್ದು ಏನುಪಯೋಗ” ಎಂಬಂತೆ ಮಾತನಾಡುವವರು ಕಂಡರೆ ಅದು ಸಭೆಯಲ್ಲಿ ಬಗೆಹರಿಯುವ ವಿಷಯವಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅವರ ಪಕ್ಕದಲ್ಲೇ ಕುಳಿತು ಕರೆ ಮಾಡಿ. ಅದು ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಲು ಆ ದಿನದ ಕೂಲಿ ಕಡಿಯದೆ ಕಳಿಸಿ.

ಹದಿನೈದನೆಯ ದಿನ

ನೋಟ್‌ಬುಕ್ ತೆರೆದು ಮೊದಲಿನಿಂದ ಹೆಸರುಗಳನ್ನು ಓದಿ. ಸಿಟ್ಟಾದವರ, ಪ್ರಶ್ನೆ ಕೇಳಿದವರ, ಸಲಹೆ ಕೊಟ್ಟವರ ಹೆಸರಿನ ಮುಂದೆ ಏನಾದರೂ ಬರೆದಿರುತ್ತೀರಿ. ಎರಡನೆಯ ಹಂತದ ಬಳಿಕ ಒಂದಕ್ಷರವೂ ಸೇರದ ಹೆಸರುಗಳು ಕೆಲವು ಉಳಿದಿರುತ್ತವೆ. ಅವರನ್ನು ಕಚೇರಿಗೆ ಕರೆಸಬೇಡಿ. ಊಟದ ಹೊತ್ತಿನಲ್ಲಿ ಅವರಿರುವಲ್ಲಿಗೇ ಹೋಗಿ, ಬುತ್ತಿ ಬಿಚ್ಚಿ ಪಕ್ಕದಲ್ಲಿ ಕುಳಿತು, ಬಸ್ಸು ಎಷ್ಟೊತ್ತಿಗೆ ಸಿಗುತ್ತಿದೆ ಎಂಬುದರಿಂದ ಮಾತು ಆರಂಭಿಸಿ.